ಉಳಿದರ್ಧ ತಲೆ

ಬಲಗಡೆ ಮುಗಿಸಿದ ಸಲೂನಿನವಳು ಎಡಗಡೆಗೆ ಕತ್ತರಿ ತಂದದ್ದೇ ತಡ, ಕುರ್ಚಿಯಲ್ಲಿದ್ದ ಬಸ್ ಡ್ರೈವರ್ ತಲೆ ಸರಿಸಿಕೊಂಡುಬಿಟ್ಟ. "ಇವತ್ತಿಗೆ ಸಾಕು ರೀ."

ಇವನೂ ಬೇಸತ್ತು ಹೊರಟನೇ ಎಂದುಕೊಂಡಳು ಅವಳು. ಅಂಗಡಿ ಮುಚ್ಚುವಂತಿಲ್ಲ, ನಡೆಯಲಾಗದ ಅಮ್ಮನನ್ನು ಮನೆಯಲ್ಲಿ ಒಬ್ಬಳನ್ನೇ ಬಿಡುವಂತಿಲ್ಲ. ಹಾಗಾಗಿ ಫೋನಿನಲ್ಲಿ, ಜೋಡಿ ಹುಡುಕುವ ಆ್ಯಪಿನಿಂದ ಪರಿಚಯವಾದ ಗಂಡಸರನ್ನು ಅವಳು ಇಲ್ಲಿಗೇ ಕರೆಯುತ್ತಿದ್ದಳು. ಕೂದಲು ಕತ್ತರಿಸುತ್ತಲೇ ಮಾತು, ಕಟಿಂಗ್ ಮುಗಿದರೆ ಭೇಟಿಯೂ ಮುಗಿಯಿತು. ಹಿಂದೆ ಬಂದವರೆಲ್ಲ ಗಡಿಯಾರ ನೋಡುತ್ತ ಕೂತಿದ್ದರು. ಮೂಲೆಯಲ್ಲಿ ಕೂತ ಅಮ್ಮನ ಹರಟೆಗೂ ಬಿದ್ದು ಬಿದ್ದು ನಕ್ಕವನು ಇವನೊಬ್ಬನೇ.

"ಯಾಕೆ, ಚೆನ್ನಾಗಾಗ್ಲಿಲ್ವಾ?"

"ಚೆನ್ನಾಗೇ ಆಗಿದೆ. ಆದ್ರೆ ಪೂರ್ತಿ ಮಾಡಿಬಿಟ್ರೆ, ಮತ್ತೆ ಕೂದಲು ಬೆಳೆಯೋವರೆಗೂ ನಾನಿಲ್ಲಿಗೆ ಯಾವ ನೆಪ ಹೇಳ್ಕೊಂಡು ಬರ್ಲಿ? ಎಡಗಡೆ ನಾಳೆ ಮಾಡಿ."

"ಹೀಗೇ ಬಸ್ ಓಡಿಸ್ತೀರಾ? ಜನ ನಗ್ತಾರೆ ರೀ!"

"ನಗ್ಲಿ ಬಿಡಿ. ಟಿಕೆಟ್ ತಗೊಂಡೇ ನಗ್ತಾರಲ್ಲ."

ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ಪೊದೆಯಂತಿದ್ದ ತಲೆಯನ್ನು ಎತ್ತಿಕೊಂಡೇ ಅವನು ಬೀದಿಗಿಳಿದ. ಎದುರಂಗಡಿಯವರು ಹೊರಗೆ ಬಂದು ನೋಡಿದರು. ಅವನು ಅವರಿಗೂ ಕೈಬೀಸಿದ. ಅವಳು ಕತ್ತರಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ನಗುತ್ತಿದ್ದಳು.

"ಲೇ," ಎಂದಳು ಅಮ್ಮ ಮೂಲೆಯಿಂದ, "ನಾಳೇನೂ ಪೂರ್ತಿ ಮುಗಿಸ್ಬೇಡ ಕಣೇ."