ಯಾರ ಸಹಿಯೂ ಬೇಡ

"ನಿಮ್ಮ ಕ್ರೆಡಿಟ್ ಕಾರ್ಡಿನ ಮಿತಿ ಜಾಸ್ತಿ ಆಗಿದೆ ಮೇಡಂ. ನೀವು ಸಾಲ ಕೇಳಿದ್ದ ದೊಡ್ಡ ಓವನ್ ಇದರಲ್ಲೇ ತಗೋಬಹುದು," ಎಂದಳು ಫೋನಿನಲ್ಲಿ ಬ್ಯಾಂಕಿನ ಹುಡುಗಿ.

ಬೀದಿಗೆಲ್ಲ ಬ್ರೆಡ್ಡಕ್ಕ ಎಂದೇ ಹೆಸರಾದವಳು ಹಿಟ್ಟು ಮೆತ್ತಿದ ಕೈಯಲ್ಲೇ ಫೋನನ್ನು ಕಿವಿಗೊತ್ತಿಕೊಂಡಳು. "ಜಾಮೀನಿಗೆ ನಮ್ಮಣ್ಣ ಇಲ್ಲೇ ಇದ್ದಾನೆ. ಎಲ್ಲಿ ಸಹಿ ಹಾಕ್ಬೇಕು?" ಎದುರಿಗೆ ಕೂತಿದ್ದ ಅಣ್ಣ ಆಗಲೇ ಪೆನ್ನು ತೆಗೆದಿದ್ದ. ಮೊದಲು ಅಪ್ಪ, ಆಮೇಲೆ ಗಂಡ, ಅವನು ತೀರಿಕೊಂಡ ಮೇಲೆ ಅಣ್ಣ. ಅವಳ ಮಾತಿಗೆ ಯಾರಾದರೊಬ್ಬರು ಹೊಣೆ ನಿಲ್ಲಲೇಬೇಕಿತ್ತು.

"ಯಾರ ಸಹಿನೂ ಬೇಡ ಮೇಡಂ. ಇಷ್ಟು ವರ್ಷ ತಪ್ಪದೆ ಕಟ್ಕೊಂಡು ಬಂದಿದ್ದೀರಲ್ಲ, ನೀವೇ ಸಾಕು."

ಅವಳು ಫೋನನ್ನು ಕಿವಿಯಿಂದ ತೆಗೆದು ನೋಡಿದಳು. ತನ್ನ ಮುಖವನ್ನೇ ಕಂಡಿರದ ಯಾರೋ ತನ್ನನ್ನು, ತನ್ನೊಬ್ಬಳನ್ನೇ ನಂಬಿದ್ದರು. ಅಣ್ಣನಿಗೂ ಕೇಳಲೆಂದು ಸ್ಪೀಕರ್ ಒತ್ತಿ, ಮೆಲ್ಲನೆ ಅಂದಳು: "ಈಗ ಏನೋ ಹೇಳಿದ್ಯಲ್ಲಮ್ಮ, ಅದನ್ನ ಇನ್ನೊಂದ್ಸಲ ಹೇಳು."