ಕೇಳೋಕೊಂದು, ಇಡೋಕೊಂದು

ಉಗುರು ಪ್ಲಾಸ್ಟಿಕ್ಕಿನ ಅಂಚಿಗೆ ತಾಗಿದ್ದೇ ತಡ, ಅವನು ಕೈ ಹಿಂದಕ್ಕೆಳೆದುಕೊಂಡ. "ಹರೀರಿ, ಅದೇನು ಕಚ್ಚುತ್ತಾ?" ಎಂದಳು ಹೆಂಡತಿ. ಮೇಜಿನ ಮೇಲೆ ಒಬ್ಬ ಜಪಾನಿ ಗಾಯಕಿಯ ಒಂದೇ ರೆಕಾರ್ಡಿನ, ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಎರಡು ಪ್ರತಿಗಳಿದ್ದವು. ಮೊದಲನೆಯದು ಬಂದು ವರ್ಷಗಳೇ ಆಗಿದ್ದವು. ಆದರೆ ಕೇಳೋಕೊಂದು, ಇಡೋಕೊಂದು ಎಂಬುದು ಅವನ ನೇಮ. ಎರಡನೆಯದು ಸಿಗುವ ತನಕ ಬಿಚ್ಚುವಂತಿರಲಿಲ್ಲ; ಅದು ಇವತ್ತು ಬಂದಿತ್ತು.

ಯಾವುದನ್ನು ಬಿಚ್ಚಲಿ ಎಂದು ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದ, ಕೂತ, ಎದ್ದ, ಮತ್ತೆ ಹಿಡಿದ.

"ಹಾಡು ಹೇಗಿದೆ ಅಂತ ನಿಮಗಾದ್ರೂ ಗೊತ್ತಾ?"

"ಚೆನ್ನಾಗಿದೆಯಂತೆ."

ಅವಳು ಇಸ್ತ್ರಿಪೆಟ್ಟಿಗೆ ಆರಿಸಿ, ಕುರ್ಚಿ ಎಳೆದುಕೊಂಡು ಕೂತಳು.

ಕೊನೆಗೂ ಪ್ಲಾಸ್ಟಿಕ್ ಹರಿಯಿತು. ಅವನು ಉಸಿರು ಬಿಗಿಹಿಡಿದು ರೆಕಾರ್ಡನ್ನು ಪ್ಲೇಯರಿನ ಮೇಲಿಟ್ಟು ಗುಂಡಿ ಒತ್ತಿದ. ಅದು ತಿರುಗಲಿಲ್ಲ. ಪ್ಲೇಯರಿನ ತಟ್ಟೆ ಎತ್ತಿ ನೋಡಿದರೆ, ಅದನ್ನು ತಿರುಗಿಸುವ ಒಳಗಿನ ರಬ್ಬರ್ ಬೆಲ್ಟು ಬಳಸದೆ ಬಳಸದೆ ಕರಗಿಹೋಗಿ ಬೆರಳಿಗೆ ಡಾಂಬರಿನಂತೆ ಅಂಟಿತು.

ಹೆಂಡತಿ ಎದ್ದು ಮತ್ತೆ ಇಸ್ತ್ರಿಪೆಟ್ಟಿಗೆಯತ್ತ ಹೋದಳು. ಅವನು ಆಗಲೇ ಆ ಕಪ್ಪು ಬೆರಳಲ್ಲೇ ಫೋನಿನಲ್ಲಿ ಬೆಲ್ಟು ಹುಡುಕತೊಡಗಿದ್ದ.

"ಸಿಗುತ್ತೆ ಬಿಡು," ಎಂದ, ತಲೆಯೆತ್ತದೆ. "ಎರಡು ತರಿಸ್ತೀನಿ."