ಪಕ್ಕದ ಮನೆಯವಳು

ಎದುರುಬದುರಾಗಿದ್ದ ಎರಡು ಕುರ್ಚಿಗಳನ್ನು ಬೆಟ್ಟದಕ್ಕ ಎಳೆದು ಅಕ್ಕಪಕ್ಕ ಹಾಕುತ್ತಿದ್ದಳು. ಎರಡೂ ಕಿಟಕಿಗೆ ಮುಖ ಮಾಡಿರಬೇಕು. ಬೆಟ್ಟದ ಮೇಲಿನ ಅವಳ ಜನ ಮುಖಕ್ಕೆ ಮುಖ ಕೊಟ್ಟು ಕಷ್ಟ ಹೇಳಿಕೊಳ್ಳುವವರಲ್ಲ. ಕಸ ಗುಡಿಸುವವರು ದಿನಾ ಕುರ್ಚಿ ತಿರುಗಿಸಿಟ್ಟು ಹೋಗುತ್ತಾರೆ, ಇವಳು ದಿನಾ ಸರಿಮಾಡುತ್ತಾಳೆ. ಮೊದಲಾದರೆ ಒಂದನ್ನು ಇವಳು ಎಳೆದರೆ ಇನ್ನೊಂದನ್ನು ತಂಗಿ ಎಳೆಯುತ್ತಿದ್ದಳು.

ಮನಸ್ಸಿನ ಕಾಯಿಲೆ ನೋಡಲು ಬೆಟ್ಟದ ಊರುಗಳಿಗೆ ಹೋಗುವವರಿಗೆ ಆ ಕೋಣೆಯಲ್ಲಿ ತರಬೇತಿ. ರೋಗಿಯ ಪಾತ್ರ ಅಕ್ಕನದು, ಹೇಗೆ ಮಾತಾಡಿಸಬೇಕೆಂದು ತೋರಿಸಿಕೊಡುವುದು ತಂಗಿಯದು. ಎಷ್ಟೋ ವರ್ಷ ಹೀಗೇ ನಡೆದಿತ್ತು. ಹೋದ ಮಳೆಗಾಲ ತಂಗಿ ಜ್ವರದಲ್ಲಿ ತೀರಿಕೊಂಡಳು. ರಜೆ ಮುಗಿಸಿ ಬಂದ ಅಕ್ಕ ಕಣ್ಣೀರು ಹಾಕಿದ್ದನ್ನು ಯಾರೂ ನೋಡಲಿಲ್ಲ. ಗಟ್ಟಿ ಹೆಂಗಸು ಎಂದರು. ವಿಚಾರಿಸುವುದು ಅಲ್ಲಿಗೆ ನಿಂತಿತು.

ಮೊದಲು ಬಂದು ಕೂತವನು ಕನ್ನಡಕದ ಯುವಕ. ಕೂತವನೇ ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡ.

"ಏನಮ್ಮಾ ನಿಮ್ಮ ತೊಂದರೆ?"

"ನನಗೇನಿಲ್ಲಪ್ಪ. ಪಕ್ಕದ ಮನೆಯವಳಿಗೆ ನಿದ್ದೆ ಬರಲ್ಲ."

"ಹಾಗಾದ್ರೆ ಅವರನ್ನೇ ಕಳಿಸಿಕೊಡಿ."

ಹಿಂದೆ ಕೂತವರು ಗೊಳ್ಳೆಂದರು. ತರಬೇತಿ ಕೊಡುವ ಮೇಡಮ್ಮಿಗೂ ನಗು ತಡೆಯಲಾಗಲಿಲ್ಲ. "ಮುಗೀತಲ್ಲಪ್ಪಾ, ನಿನ್ನ ಪೇಷೆಂಟ್ ಎದ್ದು ಬೆಟ್ಟ ಹತ್ತಿಬಿಟ್ರು. ಪಕ್ಕದ ಮನೆಯವಳು ಅಂದ್ರೆ ಅವರೇ ಕಣೋ. ಅವರ ಮಾತಿನಲ್ಲಿ ನೋವನ್ನ 'ನನಗೆ' ಅಂತ ಶುರು ಮಾಡೋದೇ ಇಲ್ಲ. ಸುಮ್ಮನೆ ಪಕ್ಕದ ಮನೆಯವಳನ್ನ ವಿಚಾರಿಸ್ತಾ ಹೋಗಬೇಕು. ಅದು ನೀವೇ ಅಲ್ವಾ ಅಂತ ಮಾತ್ರ ಬಾಯಿ ಬಿಡಬಾರದು, ಕೆಟ್ಟಿತು ಅಂತ್ಲೇ ಲೆಕ್ಕ."

ಆಮೇಲಿನ ಸರದಿ ರೇಡಿಯೋ ನರ್ಸಿನದು. ಬಾಯಿ ಮುಚ್ಚದ ಆ ದಪ್ಪ ಹೆಂಗಸಿಗೆ ಬಂದ ವಾರವೇ ಆ ಹೆಸರು ಬಿದ್ದಿತ್ತು. "ಈ ಕುರ್ಚಿ ನನ್ನ ಭಾರ ತಡೆಯುತ್ತೋ ಇಲ್ವೋ, ಬಿದ್ರೆ ಎತ್ತೋಕೆ ನಾಲ್ಕು ಜನ ರೆಡಿ ಇರ್ರಪ್ಪ" ಎನ್ನುತ್ತಲೇ ಕೂತು, ಕುರ್ಚಿಯನ್ನು ಕಿಟಕಿಯ ಕಡೆಗೇ ಬಿಟ್ಟಳು.

"ಪಕ್ಕದ ಮನೆಯವಳಿಗೆ ನಿದ್ದೆ ಬರಲ್ಲ" ಎಂದಳು ಅಕ್ಕ.

"ಅಯ್ಯೋ ಪಾಪ. ಊಟ ಮಾಡ್ತಾಳಾ?"

"ಮಾಡ್ತಾಳೆ. ಅನ್ನಕ್ಕೆ ಇಡುವಾಗ ಮಾತ್ರ ಅಳತೆ ತಪ್ಪಿಹೋಗತ್ತೆ. ಇಬ್ಬರಿಗಾಗೋಷ್ಟು ಇಟ್ಟುಬಿಡ್ತಾಳೆ."

ಇದು ಅವಳು ಪ್ರತಿಸಲ ಹೇಳುವ ಉತ್ತರವಾಗಿರಲಿಲ್ಲ. ಮಂಡಿನೋವು, ಮಾತು ಕೇಳದ ಮಗ ಎಂದು ಕಟ್ಟಿಟ್ಟುಕೊಂಡಿದ್ದ ಕಥೆ ಬೇರೆ ಇತ್ತು. ಪೇಟೆಯ ಮಾತಿನಲ್ಲಿ 'ನನಗೆ' ಎಂದು ಶುರು ಮಾಡಿ ಯಾರಿಗಾದರೂ ಹೇಳಿಬಿಡೋಣವೆಂದು ಎಷ್ಟು ಸಲ ಅಂದುಕೊಂಡಿದ್ದಳೋ. ಆ 'ನನಗೆ' ದಾಟಿ ಮಾತು ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ಈಗ ನೋಡಿದರೆ ಯಾವ ತಡೆಯೂ ಇಲ್ಲದೆ ತಾನಾಗಿ ಹೊರಟುಬಿಟ್ಟಿದೆ.

"ಬೆಳಗ್ಗೆ ಕೆಲಸಕ್ಕೆ ಹೊರಡ್ತಾಳಾ?"

"ಹೊರಡ್ತಾಳೆ. ಎರಡು ಕೊಡೆ ಹಿಡ್ಕೊಂಡು."

ಹಿಂದೆ ಯಾರೋ ಕಿಸಕ್ಕೆಂದರು. ನರ್ಸು ನಗಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಅವಳ ಕಣ್ಣೆದುರು ಕಿಟಕಿಯ ಸರಳಿಗೆ ಎರಡು ಕೊಡೆ ತೂಗುಹಾಕಿತ್ತು. ಒಂದು ಕಪ್ಪು. ಇನ್ನೊಂದು ನೀಲಿ, ಹಿಡಿಕೆಗೆ ಕೆಂಪು ದಾರ ಸುತ್ತಿದ್ದು. ಬೆನ್ನ ಹಿಂದೆ ಕೂತು ಬರೆದುಕೊಳ್ಳುತ್ತಿದ್ದವರ ಗಮನ ಅತ್ತ ಹೋಗಲಿಲ್ಲ.

ರೇಡಿಯೋ ಮತ್ತೆ ಮಾತಾಡಲಿಲ್ಲ. ಅಕ್ಕನ ಪಕ್ಕದಲ್ಲಿ ಕಿಟಕಿ ನೋಡುತ್ತ ಕೂತಳು. ಕೊನೆಗೆ ಮೇಡಂ ತಾವೇ ಚಪ್ಪಾಳೆ ತಟ್ಟಿ ಎಲ್ಲರನ್ನೂ ಎಬ್ಬಿಸಬೇಕಾಯಿತು.

"ಚೆನ್ನಾಗಿತ್ತು ಸಿಸ್ಟರ್, ಆದ್ರೆ ಕೊನೆಗೆ ಮಾತು ಮರೆತುಬಿಟ್ರಲ್ಲ" ಎಂದರು ಮೇಡಂ. ಆಮೇಲೆ ಅಕ್ಕನ ಭುಜ ಮುಟ್ಟಿ, "ನಿಮ್ಮದು ಮಾತ್ರ ಇವತ್ತು ಏನು ಅಭಿನಯ! ಆ ಎರಡು ಕೊಡೆ ಎಲ್ಲಿಂದ ಹೊಳೀತ್ರೀ?"

"ಹಾಗೇ ಬಂತು ಮೇಡಂ" ಎಂದು ಅಕ್ಕ ಎಲ್ಲರೂ ಟೀ ಕುಡಿದಿಟ್ಟ ಲೋಟಗಳನ್ನು ಎತ್ತಿಕೊಂಡು ಹೋದಳು.

ಸಂಜೆ ಎಲ್ಲರೂ ಹೊರಟಾಗ ಹನಿ ಶುರುವಾಗಿತ್ತು. ನರ್ಸು ಬಾಗಿಲಲ್ಲಿ ಸೆರಗು ತಲೆಗೆ ಹಾಕಿಕೊಂಡು ನಿಂತಿದ್ದಳು. ಅಕ್ಕ ಬಂದು ನಿಂತರೂ ಅವಳತ್ತ ತಿರುಗಲಿಲ್ಲ. ರಸ್ತೆ ನೋಡುತ್ತಲೇ ಮಾತು ತೆಗೆದಳು.

"ಅಕ್ಕಾ, ನಾಳೆ ಊಟ ಆದ್ಮೇಲೆ ನನಗೆ ಕೆಲಸ ಇಲ್ಲ. ಇಲ್ಲೇ ಕೂತಿರ್ತೀನಿ. ಪಕ್ಕದ ಮನೆಯವಳಿಗೆ ಬಿಡುವಾದ್ರೆ ಬರಲಿ. ನಾನು ಜಾಸ್ತಿ ಮಾತಾಡಲ್ಲ ಅಂತ ಹೇಳಿ. ನಂಬಲ್ಲ ಬಿಡಿ, ಆದ್ರೂ ಹೇಳಿ."

ಅಕ್ಕನಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು, ಮುಖದ ಮೇಲೆ ಎಲ್ಲಿ ಕೂರಬೇಕೆಂದು ತಿಳಿಯದೆ ಒಂದು ಕ್ಷಣ ತಡವರಿಸಿತು.

"ಅವಳಿಗೆ ಪುರುಸೊತ್ತು ಕಮ್ಮಿ. ಕೇಳಿ ನೋಡ್ತೀನಿ" ಎಂದಳು. ಕೈಯಲ್ಲಿದ್ದ ಕಪ್ಪು ಕೊಡೆ ಬಿಚ್ಚಿದಳು. ನೀಲಿಯದನ್ನು ಸ್ವಲ್ಪ ಹೊತ್ತು ಹಿಡಿದೇ ಇದ್ದು, ನರ್ಸಿನ ಕೈಗೆ ಕೊಟ್ಟಳು.

"ನಾಳೆ ಬೆಳಗ್ಗೇನೇ ವಾಪಸ್ ತಂದುಕೊಡ್ತೀನಕ್ಕಾ."

"ಅವಸರವೇನಿಲ್ಲ."

ಮೆಟ್ಟಿಲಿಳಿಯುವಷ್ಟರಲ್ಲಿ ಅಕ್ಕ ತೀರ್ಮಾನ ಮಾಡಿಯಾಗಿತ್ತು. ನಾಳೆ ಊಟವಾದ ಮೇಲೆ ಪಕ್ಕದ ಮನೆಯವಳನ್ನು ಕರೆದುಕೊಂಡು ಬರುವುದು. ಒಂದೇ ಕೊಡೆಯಲ್ಲಿ.